ಆರ್.ಇ.ಎಂ. ‘ಮರ್ಮರ್’: ಸಾಹಿತ್ಯ ನೋಡಿಕೊಂಡು ಕೇಳೋದಾ, ನೋಡದೇ ಕೇಳೋದಾ?

ಹಳೇ_ಕ್ಯಾಸೆಟ್

ಭಾನುವಾರ ಬೆಳಿಗ್ಗೆ ವಾರದ ಶರ್ಟುಗಳಿಗೆ ಇಸ್ತ್ರಿ ಹಾಕುವುದು ನಮ್ಮ ಮನೆಯಲ್ಲಿ ನನ್ನ ಪಾಲಿನ ಕೆಲಸ. ಮುಕ್ಕಾಲು ಗಂಟೆ ಹಿಡಿಯುತ್ತದೆ. ಆರ್.ಇ.ಎಂ. ಅನ್ನುವ ರಾಕ್ ತಂಡದ ಮೊದಲ ಆಲ್ಬಮ್ ‘ಮರ್ಮರ್’ ಕೂಡ ಹೆಚ್ಚುಕಮ್ಮಿ ಅಷ್ಟೇ, 44 ನಿಮಿಷ, 12 ಹಾಡು. ಎಷ್ಟೋ ವರ್ಷದ ಮೇಲೆ ಮೊನ್ನೆ ಅದನ್ನು ಮೊದಲಿನಿಂದ ಕೊನೆಯವರೆಗೆ ಹಾಕಿಕೊಂಡೆ.

ಎಡವಟ್ಟಾಗಿದ್ದು ಫೋನಿನಿಂದ. ಈಗ ಹಾಡಿನ ಜೊತೆ ಸಾಲುಗಳೂ ಓಡುತ್ತವಲ್ಲ, ಅದು ಆನ್ ಆಗಿತ್ತು. ನೋಡುತ್ತಾ ನಿಂತೆ. ಮೂವತ್ತು ವರ್ಷದಿಂದ ಬಚ್ಚಲುಮನೆಯಲ್ಲಿ ನಾನು ಹಾಡಿಕೊಂಡು ಬಂದದ್ದೇ ಒಂದು, ಅಲ್ಲಿದ್ದದ್ದೇ ಇನ್ನೊಂದು. ಬೇಜಾರಾಯಿತು. ನನ್ನ ತಪ್ಪು ಗೊತ್ತಾಯಿತು ಅಂತಲ್ಲ. ಅವರ ಸಾಲಿಗಿಂತ ನನ್ನ ಸಾಲೇ ಚೆನ್ನಾಗಿತ್ತಲ್ಲ ಅಂತ.

ಗೊತ್ತಿಲ್ಲದವರಿಗೆ ಎರಡು ಮಾತು. ಇವರು ಅಮೆರಿಕದ ಜಾರ್ಜಿಯಾ ರಾಜ್ಯದ ಅಥೆನ್ಸ್ ಅನ್ನುವ ಕಾಲೇಜು ಊರಿನವರು. ಹಾಡುವವನು ಮೈಕಲ್ ಸ್ಟೈಪ್, ಗಿಟಾರ್ ಪೀಟರ್ ಬಕ್, ಬೇಸ್ (ತಗ್ಗು ಸ್ವರದ ಗಿಟಾರ್) ಮೈಕ್ ಮಿಲ್ಸ್, ಡ್ರಮ್ಸ್ ಬಿಲ್ ಬೆರಿ. 1980ರ ಏಪ್ರಿಲ್ 5ರಂದು ಒಂದು ಹಳೇ ಚರ್ಚಿನಲ್ಲಿ ಗೆಳತಿಯೊಬ್ಬಳ ಹುಟ್ಟುಹಬ್ಬಕ್ಕೆ ಮೊದಲ ಸಲ ನುಡಿಸಿದರು. ಮೂರು ವರ್ಷ ಕಳೆದು, 1983ರ ಏಪ್ರಿಲ್‌ನಲ್ಲಿ ಈ ಆಲ್ಬಮ್ ಬಂತು. ಮುಂದೆ ಕ್ಯಾಸೆಟ್ ಅಂಗಡಿಗಳಲ್ಲಿ ‘ಆಲ್ಟರ್ನೇಟಿವ್’ ಅಂತ ಬೇರೆ ಕಪಾಟೇ ಬಂತಲ್ಲ, ಆ ಕಪಾಟಿಗೆ ಮೊದಮೊದಲು ಮೊಳೆ ಹೊಡೆದವರಲ್ಲಿ ಇವರಿದ್ದಾರೆ. ಅದಕ್ಕೇ ಇದನ್ನು ಪ್ರಭಾವಿ ಆಲ್ಬಮ್ ಅನ್ನುವುದು.

ನನಗಿದು ಸಿಕ್ಕಿದ್ದು 1994ರಲ್ಲಿ, ಸಾಗರದಲ್ಲಿ. ದೊಡ್ಡಮ್ಮನ ಮಗ ಬೆಂಗಳೂರಿನ ಹಾಸ್ಟೆಲ್ಲಿನಿಂದ ಕಾಪಿ ಮಾಡಿ ತಂದಿದ್ದ. ನಮ್ಮ ಮನೆಯಿಂದಲೇ 60 ನಿಮಿಷದ ಒಂದು ಟೇಪನ್ನು ಖಾಲಿ ಅಂದುಕೊಂಡು ತೆಗೆದುಕೊಂಡು ಹೋಗಿದ್ದ. ಖಾಲಿ ಇರಲಿಲ್ಲ. ಅಪ್ಪ ರಾತ್ರಿಯಿಡೀ ಎದ್ದು ಕೂತು ರೆಕಾರ್ಡ್ ಮಾಡಿಕೊಂಡಿದ್ದ ತಾಳಮದ್ದಳೆ ಅದರಲ್ಲಿತ್ತು. ‘ಎ’ ಬದಿಯಲ್ಲಿ ಆರು ಹಾಡು, ಸುಮಾರು 22 ನಿಮಿಷ. ಕೊನೆಯ ‘ಪರ್ಫೆಕ್ಟ್ ಸರ್ಕಲ್’ನ ಪಿಯಾನೊ ಕರಗಿದ ಕೂಡಲೇ ‘ಟಕ್’ ಅಂತ ಒಂದು ಸದ್ದು. ಆಮೇಲೆ ಅರ್ಧ ವಾಕ್ಯದಿಂದ ಅರ್ಥಧಾರಿಯೊಬ್ಬರ ದನಿ ಶುರು. ಒಂದೊಂದು ಅಕ್ಷರವೂ ಕಲ್ಲಿನಲ್ಲಿ ಕೆತ್ತಿದ ಹಾಗೆ. ಅದರ ಹಿಂದಿನ 22 ನಿಮಿಷದಲ್ಲಿ ಸ್ಟೈಪ್ ಹಾಡಿದ್ದರಲ್ಲಿ ನನಗೆ ತಿಳಿದದ್ದು ಹತ್ತು ಪದ ಇರಬಹುದು.

ಟೇಪು ಅಳಿಸಿದ್ದು ಯಾರು ಅಂತ ಅಪ್ಪನಿಗೆ ಇವತ್ತಿಗೂ ಹೇಳಿಲ್ಲ.

ಈಗ ಪ್ರಶ್ನೆ. ಈ ಆಲ್ಬಮ್ಮಿನ ಸಾಹಿತ್ಯವನ್ನು ಓದಬೇಕಾ, ಬೇಡವಾ? ನನ್ನ ವೋಟು ಬೇಡ ಅಂತ.

2004_ಮಾಡೆಲ್

ಅಂಕಲ್, ನಾನು ಹೋದ ವರ್ಷ ಮೊದಲ ಸಲ ಕೇಳಿದೆ. ಸಾಹಿತ್ಯ ನೋಡಿಕೊಂಡೇ ಕೇಳಿದೆ. ನಿಜ ಹೇಳಬೇಕೆಂದರೆ ಓದಿದ ಮೇಲೂ ಏನೂ ಅರ್ಥವಾಗಲಿಲ್ಲ. ‘ಲಾಫಿಂಗ್’ ಹಾಡಿನಲ್ಲಿ ಲಾವೊಕೊವನ್ ಅಂತ ಒಂದು ಹೆಸರು ಬರುತ್ತದೆ. ಹುಡುಕಿದೆ. ಗ್ರೀಕ್ ಕಥೆಗಳಲ್ಲಿ ಬರುವ ಟ್ರಾಯ್ ನಗರದ ಪುರೋಹಿತನಂತೆ. ಮರದ ಕುದುರೆಯನ್ನು ಒಳಗೆ ತರಬೇಡಿ ಅಂದವನು. ಹಾವುಗಳು ಬಂದು ಅವನನ್ನೂ ಇಬ್ಬರು ಮಕ್ಕಳನ್ನೂ ಕೊಂದವು. ಸರಿ, ಹಾಡಿಗೆ ಬಂದರೆ ಅಲ್ಲಿ ಅವನು ಹೆಂಗಸು! ಯಾಕೆ? ಕೇಳಬೇಡಿ.

ಹಾಗಾಗಿ ಓದಿದರೂ ಅಷ್ಟೇ, ಬಿಟ್ಟರೂ ಅಷ್ಟೇ. ಆದರೆ ಬೇಸ್ ಮಾತ್ರ ಬೆಂಕಿ. ನಾನು ಕಾಲೇಜು ಬ್ಯಾಂಡಿನಲ್ಲಿ ಬೇಸ್ ನುಡಿಸುತ್ತೇನೆ. ಮಿಲ್ಸ್‌ನ ಬೇಸ್ ಹಾಡಿನ ಕೆಳಗೆ ಸುಮ್ನೆ ಕೂತಿರುವುದಿಲ್ಲ, ಪಕ್ಕದಲ್ಲಿ ಇನ್ನೊಂದು ಹಾಡು ಹೇಳುತ್ತಿರುತ್ತದೆ.

ಹಳೇ_ಕ್ಯಾಸೆಟ್

ಅಂಕಲ್ ಅನ್ನಬೇಡ ಮಾರಾಯ, ಅಣ್ಣ ಅನ್ನು ಸಾಕು.

ಮೊಂಡು_ಕಿವಿ

ಹೊಗಳಿಕೆ ಜಾಸ್ತಿ ಆಯಿತು. ಯಾರಾದರೂ ಒಬ್ಬರು ಬೇಡ ಅನ್ನಬೇಕಲ್ಲ, ನಾನೇ ಅನ್ನುತ್ತೇನೆ.

ಪದ ಕೇಳಿಸುವುದಿಲ್ಲ ಅನ್ನುವುದನ್ನು ಗುಣ ಅಂತ ಮಾರುತ್ತಿದ್ದೀರಿ. ನಮ್ಮ ಚಿತ್ರಗೀತೆ ಹಾಡುವವರು ಹೀಗೆ ಬಾಯೊಳಗೆ ಗೊಣಗಿದರೆ ಸಂಗೀತ ನಿರ್ದೇಶಕರು ಮೈಕ್ ಕಿತ್ತುಕೊಂಡು ಮನೆಗೆ ಕಳಿಸುತ್ತಾರೆ. ಇನ್ನು ‘ಪ್ರಭಾವಿ’ ಅನ್ನುವ ಮಾತು. ಅಮೆರಿಕದ ಜನಪ್ರಿಯ ಆಲ್ಬಮ್ಮುಗಳ ಪಟ್ಟಿಯಲ್ಲಿ ಇದು ಏರಿದ್ದು 36ನೇ ಸ್ಥಾನಕ್ಕೆ. ‘ರೇಡಿಯೊ ಫ್ರೀ ಯುರೋಪ್’ ಸಿಂಗಲ್, ಅಂದರೆ ಬಿಡಿ ಹಾಡಾಗಿ ಬಂದದ್ದು, ಹೋಗಿದ್ದು 78ರವರೆಗೆ, ಅಷ್ಟೇ. ಇದನ್ನು ದೊಡ್ಡದು ಮಾಡಿದ್ದು ವಿಮರ್ಶಕರು. ‘ರೋಲಿಂಗ್ ಸ್ಟೋನ್’ ಪತ್ರಿಕೆಯ ವಿಮರ್ಶಕರು 1983ರ ಅತ್ಯುತ್ತಮ ಆಲ್ಬಮ್ ಅಂದರು. ಮೈಕಲ್ ಜಾಕ್ಸನ್‌ನ ‘ಥ್ರಿಲ್ಲರ್’ಗಿಂತ, ಪೊಲೀಸ್ ಅನ್ನುವ ರಾಕ್ ತಂಡದ ‘ಸಿಂಕ್ರೊನಿಸಿಟಿ’ಗಿಂತ, ಯು2ರ ‘ವಾರ್’ಗಿಂತ ಮೇಲಂತೆ! ‘ವಿಲೇಜ್ ವಾಯ್ಸ್’ ಪತ್ರಿಕೆಯ ಮತದಾನದಲ್ಲಿ ‘ಥ್ರಿಲ್ಲರ್’ ಮೊದಲು, ‘ಮರ್ಮರ್’ ಎರಡನೆಯದು. ನನ್ನ ಕೇಳಿದರೆ ಅದಾದರೂ ಸ್ವಲ್ಪ ನ್ಯಾಯ.

ಮಿಕ್ಸಿಂಗ್_ಮಾವ

ಮೊಂಡು ಗುರುಗಳೇ, ಮೈಕ್ ಕಿತ್ತುಕೊಳ್ಳುವ ಮಾತು ಬಂತಲ್ಲ, ಅಲ್ಲಿಂದಲೇ ಶುರು ಮಾಡೋಣ. ನಾನು ಇಪ್ಪತ್ತು ವರ್ಷದಿಂದ ಸ್ಟುಡಿಯೊದಲ್ಲಿ ಕೂತವನು. ಈ ಆಲ್ಬಮ್ ನನಗೆ ಇಷ್ಟವಾಗುವುದು ಹಾಡಿಗಾಗಿ ಅಲ್ಲ, ಅದನ್ನು ರೆಕಾರ್ಡ್ ಮಾಡಿದ ರೀತಿಗಾಗಿ.

ಐ.ಆರ್.ಎಸ್. ಅನ್ನುವ ರೆಕಾರ್ಡ್ ಕಂಪನಿ ಮೊದಲು ಇವರನ್ನು ಸ್ಟೀಫನ್ ಹೇಗ್ ಅನ್ನುವ ನಿರ್ಮಾಪಕನ ಕೈಗೆ ಕೊಟ್ಟಿತ್ತು. ಮುಂದೆ ಪೆಟ್ ಶಾಪ್ ಬಾಯ್ಸ್ ಅನ್ನುವ ಪಾಪ್ ಜೋಡಿಯ ಜೊತೆ ದೊಡ್ಡ ಹೆಸರು ಮಾಡಿದವನು. ಅವನ ದಾರಿ ಬೇರೆ. ‘ಕ್ಯಾಟಪಲ್ಟ್’ ಹಾಡನ್ನು ಕ್ಲಿಕ್ ಹಾಕಿ ಮತ್ತೆ ಮತ್ತೆ ನುಡಿಸಿದ. ಕ್ಲಿಕ್ ಅಂದರೆ ಕಿವಿಯಲ್ಲಿ ಟಿಕ್ ಟಿಕ್ ಅಂತ ಗಡಿಯಾರದ ಹಾಗೆ ಹೊಡೆಯುತ್ತಿರುತ್ತದೆ, ಅದಕ್ಕೆ ಸರಿಯಾಗಿ ಡ್ರಮ್ಸ್ ಬೀಳಬೇಕು. ನಾಲ್ಕು ಜನ ಒಟ್ಟಿಗೆ ಉಸಿರಾಡಿ ನುಡಿಸುವ ಬ್ಯಾಂಡಿಗೆ ಇದು ಹಿಂಸೆ. ಬೆರಿಗೆ ತನ್ನ ಕೈ ಮೇಲೇ ನಂಬಿಕೆ ಹೋಗುವ ಹಾಗಾಯಿತು. ಅದು ಸಾಲದು ಅಂತ ಆಮೇಲೆ ಟೇಪನ್ನು ತೆಗೆದುಕೊಂಡು ಹೋಗಿ ಮೇಲಿಂದ ಕೀಬೋರ್ಡ್ ಬಳಿದ. ತಂಡದವರು ಕೇಳಿ ಬೇಡವೇ ಬೇಡ ಅಂದರು.

ನಮಗೆ ಮಿಚ್ ಈಸ್ಟರ್ ಬೇಕು ಅಂತ ಹಟ ಹಿಡಿದರು. 1982ರಲ್ಲಿ ಬಂದ ಐದು ಹಾಡಿನ ‘ಕ್ರಾನಿಕ್ ಟೌನ್’ ಮಾಡಿಕೊಟ್ಟವನು ಅವನೇ. ಕಂಪನಿ ‘ಒಂದು ಹಾಡು ಮಾಡಿ ತೋರಿಸಿ’ ಅಂತು. ಈಸ್ಟರ್ ತನ್ನ ಗೆಳೆಯ ಡಾನ್ ಡಿಕ್ಸನ್‌ನನ್ನೂ ಕರೆದುಕೊಂಡ. ಮಾಡಿ ತೋರಿಸಿದ್ದು ‘ಪಿಲ್‌ಗ್ರಿಮೇಜ್’. ಒಪ್ಪಿಗೆ ಸಿಕ್ಕಿತು. 1983ರ ಜನವರಿ, ಫೆಬ್ರವರಿಯಲ್ಲಿ ನಾರ್ತ್ ಕ್ಯಾರೊಲಿನಾದ ಶಾರ್ಲಟ್ ಊರಿನ ರಿಫ್ಲೆಕ್ಷನ್ ಸ್ಟುಡಿಯೊದಲ್ಲಿ ಆಲ್ಬಮ್ ಮುಗಿಸಿದರು.

ಈಗ ಕೇಳಿ ನೋಡಿ. ಗಿಟಾರ್ ಸೋಲೊ ಇಲ್ಲ. ಆ ಕಾಲದಲ್ಲಿ ಎಲ್ಲರ ಮೈಮೇಲೆ ಬಂದಿದ್ದ ಸಿಂಥಸೈಜರ್ ಇಲ್ಲ. ಬಕ್ ತನ್ನ ರಿಕನ್‌ಬ್ಯಾಕರ್ ಗಿಟಾರಿನಲ್ಲಿ ಸ್ವರಗಳನ್ನು ಒಟ್ಟಿಗೆ ಬಾರಿಸದೆ ಹೂ ಕಟ್ಟುವ ಹಾಗೆ ಒಂದೊಂದೇ ಪೋಣಿಸುತ್ತಾನೆ. ಅದರ ಅಡಿಯಲ್ಲಿ ಅಕೌಸ್ಟಿಕ್ ಗಿಟಾರ್ ಇರುತ್ತದೆ, ಬೇರೆಯಾಗಿ ಕೇಳಿಸುವುದಿಲ್ಲ, ತೆಗೆದರೆ ಗೊತ್ತಾಗುತ್ತದೆ. ಸಾರಿನಲ್ಲಿ ಬೆಲ್ಲ ಇದ್ದ ಹಾಗೆ.

ದನಿಯನ್ನು ಬೇಕಂತಲೇ ಕೆಳಗಿಟ್ಟಿದ್ದಾರೆ. ನಮ್ಮ ಸಿನಿಮಾ ಹಾಡಿನಲ್ಲಿ ಗಾಯಕ ಮುಂದೆ, ಉಳಿದವರೆಲ್ಲ ಹಿಂದೆ. ಇಲ್ಲಿ ಐದು ವಾದ್ಯ ಇದೆ ಅಂದುಕೊಳ್ಳಿ, ಐದನೆಯದು ಸ್ಟೈಪ್‌ನ ಗಂಟಲು. ಅವನನ್ನು ಕಂಟ್ರೋಲ್ ರೂಮಿನಿಂದ ಕಾಣದ ಹಾಗೆ, ಕತ್ತಲಲ್ಲಿ, ಮೆಟ್ಟಿಲ ಹತ್ತಿರ ನಿಲ್ಲಿಸಿ ಹಾಡಿಸಿದರು. ಮೈಕ್ ಕಿತ್ತುಕೊಳ್ಳಲಿಲ್ಲ. ಲೈಟ್ ಆರಿಸಿದರು.

2004_ಮಾಡೆಲ್

ಮಾವ, ‘ರೇಡಿಯೊ ಫ್ರೀ ಯುರೋಪ್’ ಶುರುವಾಗುವ ಮೊದಲು ಒಂಥರಾ ಕರ್ ಕರ್ ಅಂತ ಬರುತ್ತದಲ್ಲ, ಅದೇನು? ನನ್ನ ಹೆಡ್‌ಫೋನ್ ಹಾಳಾಯಿತು ಅಂದುಕೊಂಡಿದ್ದೆ.

ಮಿಕ್ಸಿಂಗ್_ಮಾವ

ಹಾ ಹಾ. ಅದು ಕರೆಂಟಿನ ಹಮ್. ಸರಿಯಾಗಿ ಅರ್ಥಿಂಗ್ ಇಲ್ಲದ ಕಡೆ ಸ್ಪೀಕರ್ ‘ಗುಂಯ್’ ಅನ್ನುತ್ತದಲ್ಲ, ಆ ಜಾತಿಯದು. ಟೇಪಿನಲ್ಲಿ ತಪ್ಪಿ ಸೇರಿಕೊಂಡಿತ್ತು. ಬೇರೆಯವರಾಗಿದ್ದರೆ ಒರೆಸಿ ಹಾಕುತ್ತಿದ್ದರು. ಇವರು ಅದಕ್ಕೊಂದು ಗೇಟ್ ಕಟ್ಟಿ, ಬೇಸ್ ಸ್ವರ ಬಿದ್ದಾಗ ಮಾತ್ರ ತೆರೆದು ಮುಚ್ಚುವ ಹಾಗೆ ಮಾಡಿದರು. ಹಾಗಾಗಿ ಆ ಗುಂಯ್ ತಾಳಕ್ಕೆ ಬಡಿಯುತ್ತದೆ. ದೂರದ ಸ್ಟೇಷನ್ ಹಿಡಿಯಲು ರೇಡಿಯೊ ತಿರುಗಿಸಿದ ಹಾಗಿದೆ ಅಲ್ವಾ? ಹಾಡಿನ ಹೆಸರಿಗೆ ಹೇಳಿ ಮಾಡಿಸಿದ್ದು.

ಇನ್ನೊಂದು. ‘ವೀ ವಾಕ್’ ಹಾಡಿನಲ್ಲಿ ದೂರದಲ್ಲಿ ಗುಡುಗಿದ ಹಾಗೆ ಕೇಳಿಸುತ್ತದೆ. ಅದು ಗುಡುಗಲ್ಲ. ಬೆರಿ ಬಿಲಿಯರ್ಡ್ಸ್ ಥರದ ಪೂಲ್ ಆಟ ಆಡುತ್ತಿದ್ದ. ಚೆಂಡಿಗೆ ಚೆಂಡು ಬಡಿಯುವ ಸದ್ದನ್ನು ಹಿಡಿದು ಟೇಪನ್ನು ನಿಧಾನ ಮಾಡಿ ಹಾಕಿದ್ದಾರೆ. ‘ಪರ್ಫೆಕ್ಟ್ ಸರ್ಕಲ್’ನಲ್ಲಿ ಇರುವುದು ಒಂದು ಪಿಯಾನೊ ಅಲ್ಲ, ಎರಡು. ಒಂದು ಒಳ್ಳೆಯದು, ಇನ್ನೊಂದು ತಗಡಿನ ಹಾಗೆ ಟಣ್ ಅನ್ನುವುದು. ಬೆರಿ, ಮಿಲ್ಸ್ ಇಬ್ಬರೂ ಒಂದೇ ಸ್ವರಗಳನ್ನು ಒಟ್ಟಿಗೆ ನುಡಿಸಿದರು. ಇಬ್ಬರ ಬೆರಳು ಎಷ್ಟಾದರೂ ಕೂದಲೆಳೆ ಹಿಂದೆಮುಂದೆ ಆಗುತ್ತದೆ. ಆ ಹಾಡಿನ ನಡುಕ ಬರುವುದು ಅಲ್ಲಿಂದ. ಈಗ ಕಂಪ್ಯೂಟರಿನಲ್ಲಿ ಒಂದು ಬಟನ್ ಒತ್ತಿ ಎರಡನ್ನೂ ಸಾಲಾಗಿ ನಿಲ್ಲಿಸಬಹುದು. ನಿಲ್ಲಿಸಿದರೆ ಹಾಡು ಸತ್ತಿತು.

ಮೊಂಡು_ಕಿವಿ

ಸ್ಟುಡಿಯೊ ಕಥೆಗಳು ಚೆನ್ನಾಗಿವೆ, ಒಪ್ಪಿದೆ. ಹಾಗಿದ್ದರೂ ‘ರೇಡಿಯೊ ಫ್ರೀ ಯುರೋಪ್’ ಮೊದಲು 1981ರಲ್ಲಿ ಹಿಬ್-ಟೋನ್ ಅನ್ನುವ ಪುಟ್ಟ ಕಂಪನಿಯಿಂದ ಬಂದಿತ್ತಲ್ಲ, ಅದರ ಬಿಸಿ ಈ ಆಲ್ಬಮ್ಮಿನ ಹಾಡಿಗಿಲ್ಲ. ಇಲ್ಲಿ ಸ್ವಲ್ಪ ನಿಧಾನ, ಸ್ವಲ್ಪ ಸಭ್ಯ. 1988ರಲ್ಲಿ ‘ಎಪಾನಿಮಸ್’ ಅಂತ ಸಂಕಲನ ತಂದಾಗ ತಂಡದವರೇ ಹಳೆಯ ರೂಪವನ್ನು ಹಾಕಿದರು. ಇದಕ್ಕೇನಂತೀರಿ?

ಮಿಕ್ಸಿಂಗ್_ಮಾವ

ಇದಕ್ಕೆ ಏನೂ ಅನ್ನಲ್ಲ. ಹಳೆಯದೇ ಮೇಲು. ಅದನ್ನು ರೆಕಾರ್ಡ್ ಮಾಡಿದವನೂ ಈಸ್ಟರ್ರೇ, ಹಾಗಾಗಿ ಮರ್ಯಾದೆ ಮನೆಯೊಳಗೇ ಉಳಿಯಿತು.

ಅಟ್ಲಾಂಟಾ_ಅಕ್ಕ

ಎಲ್ಲರಿಗೂ ನಮಸ್ಕಾರ. ನಾನು ಮೈಸೂರಿನವಳು, ಹದಿನೆಂಟು ವರ್ಷದಿಂದ ಅಟ್ಲಾಂಟಾದಲ್ಲಿದ್ದೇನೆ. ಅಥೆನ್ಸ್ ಇಲ್ಲಿಂದ ಸುಮಾರು 110 ಕಿಲೋಮೀಟರ್. ಮಗಳು ಅಲ್ಲಿಯ ವಿಶ್ವವಿದ್ಯಾಲಯದಲ್ಲಿ ಓದುತ್ತಿದ್ದಾಗ ವಾರ ಬಿಟ್ಟು ವಾರ ಪುಳಿಯೋಗರೆ ಗೊಜ್ಜು ಕಟ್ಟಿಕೊಂಡು ಹೋಗುತ್ತಿದ್ದೆ.

ಈ ಆಲ್ಬಮ್ಮಿನ ಕವರ್ ನೋಡಿದ್ದೀರಲ್ಲ, ಬೂದಿ ಬಣ್ಣದ ಒಂದು ರಾಶಿ, ಏನು ಅಂತಲೇ ತಿಳಿಯದ್ದು. ಅದು ಕುಡ್ಜು ಬಳ್ಳಿ. ಇಲ್ಲಿ ದಾರಿಯುದ್ದಕ್ಕೂ ಇದೆ. ಬೇಸಿಗೆಯಲ್ಲಿ ಮರ, ಕರೆಂಟು ಕಂಬ, ಬಿಟ್ಟುಹೋದ ಮನೆ ಎಲ್ಲದರ ಮೇಲೂ ಹಸಿರು ಕಂಬಳಿ ಹೊದಿಸಿಬಿಡುತ್ತದೆ. ಒಳಗಿರುವುದು ಮನೆಯೋ ಮರವೋ ಅಂತ ಆಕಾರದಿಂದ ಊಹಿಸಬೇಕು. ಚಳಿಗಾಲದಲ್ಲಿ ಎಲೆ ಉದುರಿ ಬರೀ ಹಗ್ಗದ ಗೋಜಲು. ಮೂಲ ಜಪಾನಿನದು. 1876ರಲ್ಲಿ ಫಿಲಡೆಲ್ಫಿಯಾದ ಪ್ರದರ್ಶನದಲ್ಲಿ ಅಲಂಕಾರದ ಬಳ್ಳಿ ಅಂತ ತೋರಿಸಿದರು. 1930ರ ದಶಕದಲ್ಲಿ ಮಣ್ಣು ಕೊಚ್ಚಿಹೋಗದಿರಲಿ ಅಂತ ಸರ್ಕಾರವೇ ರೈತರಿಗೆ ದುಡ್ಡು ಕೊಟ್ಟು ನೆಡಿಸಿತು. ಆಮೇಲೆ ಕೈಮೀರಿತು.

ಹಿಂಬದಿಯ ಕವರಿನಲ್ಲಿ ಮರದ ದಿಮ್ಮಿಗಳ ರೈಲು ಸೇತುವೆ ಇದೆಯಲ್ಲ, ಅದು ಅಥೆನ್ಸಿನಲ್ಲೇ. ರೈಲು ನಿಂತು ಎಷ್ಟೋ ಕಾಲವಾಗಿತ್ತು. ಕೆಡವಬೇಡಿ ಅಂತ ಊರಿನವರು, ಅಭಿಮಾನಿಗಳು ಗಲಾಟೆ ಮಾಡಿ ಉಳಿಸಿಕೊಂಡಿದ್ದರು. ಮರ ಕೊಳೆಯುತ್ತಾ ಬಂತು. ಈಗ ಅದೇ ಜಾಗದಲ್ಲಿ ನಡೆಯುವವರಿಗೆ, ಸೈಕಲ್ಲಿನವರಿಗೆ ಹೊಸ ಸೇತುವೆ ಕಟ್ಟಿದ್ದಾರೆ. ಮೊದಲ ಕಾರ್ಯಕ್ರಮ ಆದ ಚರ್ಚಿನದ್ದೂ ಗೋಪುರ ಒಂದೇ ಉಳಿದಿರುವುದು. ಬಕ್ ಕೆಲಸ ಮಾಡುತ್ತಿದ್ದ ವಕ್ಸ್‌ಟ್ರಿ ಅನ್ನುವ ರೆಕಾರ್ಡ್ ಅಂಗಡಿ ಮಾತ್ರ ಹಾಗೇ ಇದೆ. ಸ್ಟೈಪ್‌ನ ಪರಿಚಯ ಆಗಿದ್ದು ಅಲ್ಲೇ, ಗಿರಾಕಿಯಾಗಿ ಬರುತ್ತಿದ್ದನಂತೆ.

ಪದ ತಿಳಿಯದ ವಿಷಯಕ್ಕೆ ಒಂದು ಮಾತು. ಇಲ್ಲಿಗೆ ಬಂದ ಹೊಸದರಲ್ಲಿ ಅಂಗಡಿಯವರು, ಬಸ್ಸಿನವರು ಏನು ಹೇಳುತ್ತಿದ್ದಾರೆ ಅಂತಲೇ ನನಗೆ ತಿಳಿಯುತ್ತಿರಲಿಲ್ಲ. ದಕ್ಷಿಣದವರ ಮಾತು ರಬ್ಬರ್ ಎಳೆದ ಹಾಗೆ. ನನ್ನ ಇಂಗ್ಲಿಷ್ ಸರಿಯಿಲ್ಲ ಅಂತ ಒಳಗೊಳಗೇ ಕುಗ್ಗುತ್ತಿದ್ದೆ. ಆಗ ಕಚೇರಿಯಲ್ಲಿ ಒಬ್ಬಾಕೆ, ಇದೇ ಊರಿನಲ್ಲಿ ಹುಟ್ಟಿ ಬೆಳೆದವಳು, ಈ ಆಲ್ಬಮ್ ಹಾಕಿ ‘ಇವನು ಏನು ಹಾಡುತ್ತಾನೆ ಅಂತ ನನಗೂ ಗೊತ್ತಿಲ್ಲ’ ಅಂದಳು. ಎಷ್ಟು ಹಗುರವಾಯಿತು ಗೊತ್ತಾ.

ಹಳೇ_ಕ್ಯಾಸೆಟ್

ಅಕ್ಕ, ನಾನು ಹೇಳಬೇಕು ಅಂದುಕೊಂಡು ಹೇಳಲಾರದೆ ಇದ್ದದ್ದು ಇದೇ!

ಸಾಗರದಲ್ಲಿ ಕನ್ನಡ ಮೀಡಿಯಂ ಓದಿದವನು ನಾನು. ಬೇರೆ ಇಂಗ್ಲಿಷ್ ಹಾಡು ಕೇಳುವಾಗ ಯಾರದೋ ಮನೆಯ ಊಟಕ್ಕೆ ಕರೆಯದೆ ಹೋದ ಹಾಗೆ ಅನ್ನಿಸುತ್ತಿತ್ತು. ಎಲ್ಲರಿಗೂ ಅರ್ಥವಾಗುವುದು ನನಗೊಬ್ಬನಿಗೇ ಆಗುತ್ತಿಲ್ಲ ಅಂತ. ಬೆಂಗಳೂರಿಗೆ ಬಂದ ಮೇಲೆ ತಿಳಿಯಿತು, ಈ ಆಲ್ಬಮ್ಮಿನ ಎದುರು ಬ್ರಿಗೇಡ್ ರೋಡಿನ ಹುಡುಗರೂ ನಾನೂ ಒಂದೇ. ಅಮೆರಿಕದವರೂ ಒಂದೇ. ಎಲ್ಲರೂ ಊಹಿಸಿಕೊಂಡು ಹಾಡುವವರೇ.

ಅದಕ್ಕೇ ಫೋನಿನಲ್ಲಿ ಸಾಲು ಓಡುವುದನ್ನು ನೋಡಿದಾಗ ಏನೋ ಕಿತ್ತುಕೊಂಡ ಹಾಗಾಯಿತು.

ಧಾರವಾಡ_ಮಳಿ

ತಡವಾಗಿ ಬಂದೆ, ಕ್ಷಮಿಸಿರಿ. ಆಲ್ಬಮ್ಮಿನ ಹೆಸರನ್ನು ಯಾರೂ ಮುಟ್ಟಿಲ್ಲವಲ್ಲರೀ! ‘ಮರ್ಮರ’ ನಮ್ಮಲ್ಲೂ ಇರುವ ಶಬ್ದ. ಒಣಗಿದ ಎಲೆ ಗಾಳಿಗೆ ಆಡುವ ಸದ್ದು, ರೇಷ್ಮೆ ಸೀರೆ ಸರಿದಾಡುವ ಸದ್ದು. ಇಂಗ್ಲಿಷಿನಲ್ಲಿ ಅದಕ್ಕೆ ಗೊಣಗು, ಪಿಸುಗುಡು ಅನ್ನುವ ಅರ್ಥ ಮುಂದೆ ಬರುತ್ತದೆ. ಕನ್ನಡದಲ್ಲಿ ಎಲೆಯೇ ಮುಂದೆ. ಕವರಿನ ಮೇಲೆ ಬಳ್ಳಿ ಇರುವ ಆಲ್ಬಮ್ಮಿಗೆ ನಮ್ಮ ಅರ್ಥವೇ ಹೆಚ್ಚು ಒಪ್ಪುತ್ತದೆ ಅಂತ ನನಗನ್ನಿಸುತ್ತದೆ.

ಇನ್ನು ಪದದ ಜಗಳ. ನಮ್ಮ ಮನೆಯಲ್ಲಿ ಬೆಳಿಗ್ಗೆ ಎದ್ದರೆ ಮಲ್ಲಿಕಾರ್ಜುನ ಮನ್ಸೂರರ ಹಿಂದೂಸ್ತಾನಿ ಗಾಯನ. ಖಯಾಲಿನ ಬಂದಿಶ್ ಅಂದರೆ ಎರಡು ಸಾಲು ಇರುತ್ತದೆ, ಅದೂ ಬ್ರಜ್ ಭಾಷೆಯಲ್ಲಿ. ಅರ್ಧ ಗಂಟೆ ಹಾಡಿದ ಮೇಲೂ ಯಾವ ಪದ ಅಂತ ಕೇಳಿದರೆ ಸಭೆಯಲ್ಲಿ ಎಷ್ಟು ಜನ ಹೇಳಿಯಾರು? ಯಾರೂ ಎದ್ದು ಹೋಗುವುದಿಲ್ಲವಲ್ಲ. ಪದ ಇರುವುದು ಸ್ವರಕ್ಕೆ ಕಾಲೂರಲು ಒಂದು ಜಾಗ ಬೇಕು ಅಂತ.

ಮೊಂಡು_ಕಿವಿ

ಮಳಿ ಅವರೇ, ಇದು ಸರಿಹೊಂದುವುದಿಲ್ಲ. ಬಂದಿಶ್‌ನ ಪದ ಏನು ಅಂತ ಶಿಷ್ಯ ಕೇಳಿದರೆ ಗುರುಗಳು ಬರೆದುಕೊಡುತ್ತಾರೆ. ಅದು ಅಡಗಿಸಿಟ್ಟದ್ದಲ್ಲ. ಸ್ಟೈಪ್ ಅಡಗಿಸಿಟ್ಟ. ಆರ್.ಇ.ಎಂ. ತಮ್ಮ ಆಲ್ಬಮ್ಮಿನ ಎಲ್ಲ ಹಾಡಿನ ಸಾಹಿತ್ಯ ಮುದ್ರಿಸಿದ್ದು 1998ರ ‘ಅಪ್’ನಲ್ಲಿ, ಅಂದರೆ ‘ಮರ್ಮರ್’ ಬಂದು 15 ವರ್ಷ ಕಳೆದ ಮೇಲೆ! ಅದಕ್ಕೂ ಮೊದಲು 1988ರ ‘ಗ್ರೀನ್’ನಲ್ಲಿ ಒಂದೇ ಒಂದು ಹಾಡಿನದು ಹಾಕಿದ್ದರು. ಖಯಾಲ್ ಬೇರೆ, ಕಣ್ಣಾಮುಚ್ಚಾಲೆ ಬೇರೆ.

ಧಾರವಾಡ_ಮಳಿ

ಒಳ್ಳೆ ಏಟು ಕೊಟ್ಟಿರಿ. ಅರ್ಧ ಒಪ್ಪಿದೆ. ಇನ್ನರ್ಧಕ್ಕೆ ತರಾನಾ, ಅಂದರೆ ಅರ್ಥವಿಲ್ಲದ ಅಕ್ಷರಗಳನ್ನೇ ಹಾಡುವುದು, ತರುತ್ತಿದ್ದೆ, ಬೇಡ ಬಿಡಿ, ಊಟದ ಹೊತ್ತಾಯಿತು.

ಮಿಕ್ಸಿಂಗ್_ಮಾವ

ಅಡಗಿಸಿಟ್ಟ ಅನ್ನುವುದಕ್ಕೆ ಅಲ್ಲಿ ಮೊದಲು ಏನಾದರೂ ಇರಬೇಕಲ್ಲ. ‘ರೇಡಿಯೊ ಫ್ರೀ ಯುರೋಪ್’ ಹಾಡುವಾಗ ಸಾಹಿತ್ಯ ಬರೆದೇ ಮುಗಿದಿರಲಿಲ್ಲ, ಅದಕ್ಕೇ ಹಾಗೆ ಗೊಣಗಿದೆ ಅಂತ ಅವನೇ ಹೇಳಿಕೊಂಡಿದ್ದಾನೆ.

ಇದಕ್ಕಿಂತ ಮಜಾ ಇರುವುದು ಮುಂದಿನ ವರ್ಷದ್ದು. ಎರಡನೆಯ ಆಲ್ಬಮ್ ‘ರೆಕನಿಂಗ್’ ಮಾಡುವಾಗ, ಅದೇ ಸ್ಟುಡಿಯೊ, ಅದೇ ನಿರ್ಮಾಪಕರು. ಸ್ಟೈಪ್‌ಗೆ ಅವತ್ತು ದನಿ ಏಳುತ್ತಿರಲಿಲ್ಲ. ಡಿಕ್ಸನ್ ಅಲ್ಲೇ ಬಿದ್ದಿದ್ದ ಒಂದು ಗಾಸ್ಪೆಲ್ ರೆಕಾರ್ಡನ್ನು, ಅಂದರೆ ಚರ್ಚಿನ ಭಜನೆ ಹಾಡುವವರದ್ದು, ಅವನ ಕೈಗೆ ಕೊಟ್ಟು ಸುಮ್ನೆ ಇದನ್ನು ಓದು ಅಂದ. ಸ್ಟೈಪ್ ಅದರ ಹಿಂಬದಿಯಲ್ಲಿ ಅಚ್ಚಾಗಿದ್ದ ಪರಿಚಯದ ಬರಹವನ್ನೇ ‘ಸೆವೆನ್ ಚೈನೀಸ್ ಬ್ರದರ್ಸ್’ ಹಾಡಿನ ರಾಗಕ್ಕೆ ಕೂರಿಸಿ ಮೊದಲಿನಿಂದ ಕೊನೆಯವರೆಗೆ ಹಾಡಿಬಿಟ್ಟ. ಹಾಡಿದವರ ಹೆಸರು, ಹೊಗಳಿಕೆ, ಎಲ್ಲ ಸೇರಿಸಿ. ಅದನ್ನು ‘ವಾಯ್ಸ್ ಆಫ್ ಹೆರಲ್ಡ್’ ಅಂತ ಬಿಡುಗಡೆಯನ್ನೂ ಮಾಡಿದರು. ಮದುವೆ ಮನೆಯ ಕರೆಯೋಲೆ ಕೊಟ್ಟಿದ್ದರೂ ಅವನು ಹಾಡುತ್ತಿದ್ದ ಅನ್ನಿಸುತ್ತದೆ. ಕೇಳಿ ನೋಡಿ, ಕಣ್ಣು ಒದ್ದೆಯಾಗುತ್ತದೆ. ಯಾಕೆ ಅಂದರೆ ಹೇಳಲಾರೆ.

ಲಂಟಾನ_ಪೊದೆ

ಹಾಡು ನನಗೆ ಗೊತ್ತಿಲ್ಲ, ಹೆಂಡತಿ ತೋರಿಸಿದಳು ಅಂತ ಬಂದೆ. ಗುಂಡ್ಲುಪೇಟೆಯವನು. ಅಕ್ಕ ಹೇಳಿದ ಕುಡ್ಜು ಕಥೆ ನಮ್ಮ ಬಂಡೀಪುರದ ಲಂಟಾನದ್ದೇ. ಅದೂ ಹೊರಗಿನಿಂದ ಅಲಂಕಾರಕ್ಕೆ ಅಂತ ತಂದದ್ದು, ಈಗ ಕಾಡಿನ ನೆಲವೇ ಕಾಣುವುದಿಲ್ಲ. ವ್ಯತ್ಯಾಸ ಇಷ್ಟೇ, ಅವರು ಅದನ್ನು ಹಾಡಿನ ಕವರಿಗೆ ಹಾಕಿದರು, ಇಲ್ಲಿ ಮಲೆ ಮಹದೇಶ್ವರ ಬೆಟ್ಟದ ಸೋಲಿಗರು ಅದರ ಕಡ್ಡಿಯಲ್ಲಿ ಕುರ್ಚಿ, ಮೇಜು ಮಾಡುತ್ತಾರೆ. ಕುರ್ಚಿ ಗಟ್ಟಿ, ನಮ್ಮ ಮನೆಯಲ್ಲಿದೆ. ಬರ್ತೀನಿ.

2004_ಮಾಡೆಲ್

ಈ ಮೇಲಿನ ಸಾರ್‌ಗೆ ನನ್ನದೊಂದು ಲೈಕ್.

ಒಂದು ನೇರ ಪ್ರಶ್ನೆ. ಪ್ರಭಾವಿ ಪ್ರಭಾವಿ ಅಂತೀರಲ್ಲ, ಯಾರ ಮೇಲೆ? ನಮ್ಮ ಬ್ಯಾಂಡಿನಲ್ಲಿ ನಾವು ರೇಡಿಯೊಹೆಡ್ ನುಡಿಸುತ್ತೇವೆ, ನಿರ್ವಾಣ ನುಡಿಸುತ್ತೇವೆ. ಆರ್.ಇ.ಎಂ. ಯಾರೂ ಕೇಳುವುದಿಲ್ಲ.

ಹಳೇ_ಕ್ಯಾಸೆಟ್

ತಮ್ಮಾ, ನೀನು ಹೇಳಿದ ಎರಡೂ ಇದೇ ಮನೆಯ ಜಗಲಿಯಲ್ಲಿ ಕೂತು ಎದ್ದವರು. ರೇಡಿಯೊಹೆಡ್ 1995ರಲ್ಲಿ ಆರ್.ಇ.ಎಂ. ಕಾರ್ಯಕ್ರಮಗಳಿಗೆ ಮೊದಲು ನುಡಿಸುವ ತಂಡವಾಗಿ ಊರೂರು ಸುತ್ತಿತ್ತು. ಜನಜಂಗುಳಿಯ ಎದುರು ನಿಂತಾಗ ಆಗುವ ದಿಗಿಲನ್ನು ಹೇಗೆ ತಡೆಯುವುದು ಅಂತ ಅದರ ಗಾಯಕ ಥಾಮ್ ಯಾರ್ಕ್ ಕೇಳಿದ್ದು ಸ್ಟೈಪ್‌ನನ್ನು. ಅವನು ಹೇಳಿಕೊಟ್ಟ ಮಾತಿನಿಂದಲೇ ‘ಹೌ ಟು ಡಿಸಪಿಯರ್ ಕಂಪ್ಲೀಟ್ಲಿ’ ಹಾಡು ಹುಟ್ಟಿದ್ದು. ನಿರ್ವಾಣದ ಗಾಯಕ ಕರ್ಟ್ ಕೊಬೇನ್ ಸಾಯುವ ಕೆಲವೇ ತಿಂಗಳ ಹಿಂದಿನ ಸಂದರ್ಶನದಲ್ಲಿ ಈ ತಂಡವನ್ನು ಬಾಯಿತುಂಬ ಹೊಗಳಿದ್ದ. ಪೇವ್‌ಮೆಂಟ್ ತಂಡವಂತೂ 1993ರಲ್ಲಿ ಆರ್.ಇ.ಎಂ. ಬಗ್ಗೆಯೇ ಒಂದು ಹಾಡು ಕಟ್ಟಿತು, ಅವರ ಹಾಡುಗಳ ಹೆಸರನ್ನೆಲ್ಲ ಪೋಣಿಸಿ.

ಪ್ರಭಾವ ಅಂದರೆ ಬರೀ ದನಿಯದ್ದಲ್ಲ. ದೊಡ್ಡ ಊರಿಗೆ ಹೋಗದೆ, ತಮ್ಮ ಊರಿನಲ್ಲೇ ಇದ್ದುಕೊಂಡು, ವ್ಯಾನಿನಲ್ಲಿ ಊರೂರು ತಿರುಗಿ, ಕಾಲೇಜು ರೇಡಿಯೊಗಳಿಂದ ಹೆಸರು ಮಾಡಬಹುದು ಅಂತ ತೋರಿಸಿದರಲ್ಲ, ಅದು.

ಮೊಂಡು_ಕಿವಿ

ಊರಿನಲ್ಲೇ ಇದ್ದರು, ಸರಿ. ಐ.ಆರ್.ಎಸ್. ಕಂಪನಿ ಮಾತ್ರ ಮೈಲ್ಸ್ ಕೋಪ್‌ಲೆಂಡ್‌ನದು. ಪೊಲೀಸ್ ತಂಡದ ಮ್ಯಾನೇಜರ್, ಆ ತಂಡದ ಡ್ರಮ್ಮರ್ ಸ್ಟುವರ್ಟ್‌ನ ಅಣ್ಣ. 1983ರ ಆಗಸ್ಟ್‌ನಲ್ಲಿ ನ್ಯೂಯಾರ್ಕಿನ ಶೇ ಸ್ಟೇಡಿಯಮ್ಮಿನಲ್ಲಿ ಪೊಲೀಸ್‌ಗಿಂತ ಮೊದಲು ನುಡಿಸುವ ಅವಕಾಶ ಸುಮ್ನೆ ಬಂತಾ? ನಂಟಸ್ತಿಕೆ ಎಲ್ಲ ಕಡೆಯೂ ಇದೆ.

ಮಿಕ್ಸಿಂಗ್_ಮಾವ

ಪೊಲೀಸ್ ಹೆಸರು ಬಂದಿದ್ದಕ್ಕೆ ಒಂದು ಅಡ್ಡ ಮಾತು. ಅವರು 1980ರ ಮಾರ್ಚ್‌ನಲ್ಲಿ ಬಾಂಬೆಯ ರಂಗಭವನದಲ್ಲಿ ನುಡಿಸಿದ್ದರು. ಅಂದರೆ ಆರ್.ಇ.ಎಂ. ಆ ಚರ್ಚಿನಲ್ಲಿ ನುಡಿಸುವುದಕ್ಕೆ ಹತ್ತು ಹನ್ನೆರಡು ದಿನ ಮೊದಲು. ನಮ್ಮ ಕಡೆಯಿಂದಲೂ ಒಂದು ಋಣ ತೀರಿದೆ ಬಿಡಿ. ಹತ್ತು ಹನ್ನೊಂದು ವರ್ಷ ಕಳೆದು, ‘ಲೂಸಿಂಗ್ ಮೈ ರಿಲಿಜನ್’ ಹಾಡಿನ ವಿಡಿಯೊ ಮಾಡಿ ಇವರನ್ನು ಜಗತ್ತಿನ ಮನೆಮನೆಗೆ ಮುಟ್ಟಿಸಿದ್ದು ಜಲಂಧರದಲ್ಲಿ ಹುಟ್ಟಿದ ತರಸೇಮ್ ಸಿಂಗ್. ನಮ್ಮಲ್ಲಿ ಸುಮಾರು ಜನ ಆರ್.ಇ.ಎಂ. ಅನ್ನು ಮೊದಲು ನೋಡಿದ್ದೇ ಕೇಬಲ್ ಟಿವಿಯ ಆ ವಿಡಿಯೊದಲ್ಲಿ. ಅಲ್ಲಿಂದ ಹಿಂದಕ್ಕೆ ನಡೆದು ‘ಮರ್ಮರ್’ವರೆಗೆ ಹೋದವರು ಕಡಿಮೆ.

ಅಟ್ಲಾಂಟಾ_ಅಕ್ಕ

ಇಲ್ಲಿ ಈಗಲೂ ಹೋಗುವವರಿದ್ದಾರೆ. ಮೈಕಲ್ ಶ್ಯಾನನ್ ಅಂತ ಸಿನಿಮಾ ನಟ, ಜೇಸನ್ ನಾರ್ಡೂಸಿ ಅಂತ ಸಂಗೀತಗಾರ, ಇಬ್ಬರೂ ಸೇರಿ ‘ಮರ್ಮರ್’ಗೆ ನಲವತ್ತು ತುಂಬಿದ ನೆಪದಲ್ಲಿ ಇಡೀ ಆಲ್ಬಮ್ ಹಾಡುತ್ತಾ ಊರೂರು ಸುತ್ತಿದರು. 2024ರ ಫೆಬ್ರವರಿಯಲ್ಲಿ ಅಥೆನ್ಸಿನ 40 ವಾಟ್ ಕ್ಲಬ್ಬಿಗೆ ಬಂದಾಗ ಆರ್.ಇ.ಎಂ.ನ ನಾಲ್ಕೂ ಜನ ಅಲ್ಲಿದ್ದರು. ತಂಡ ಮುರಿದದ್ದು 2011ರಲ್ಲಿ, ಬೆರಿ ಬಿಟ್ಟಿದ್ದು ಇನ್ನೂ ಮೊದಲು, 1997ರಲ್ಲಿ. ನನಗೆ ಟಿಕೆಟ್ ಸಿಕ್ಕಿರಲಿಲ್ಲ. ಮಗಳಿಗೆ ಅವತ್ತು ಪರೀಕ್ಷೆ. ಇಬ್ಬರೂ ಇವತ್ತಿಗೂ ಹೊಟ್ಟೆ ಉರಿದುಕೊಳ್ಳುತ್ತೇವೆ.

2004_ಮಾಡೆಲ್

ಅಣ್ಣ, ನಿನ್ನೆ ರಾತ್ರಿ ಮಾವ ಹೇಳಿದ್ದನ್ನೆಲ್ಲ ತಲೆಯಲ್ಲಿ ಇಟ್ಟುಕೊಂಡು, ಫೋನು ಬೋರಲು ಹಾಕಿ, ಲೈಟ್ ಆರಿಸಿ ಕೇಳಿದೆ. ‘ಪರ್ಫೆಕ್ಟ್ ಸರ್ಕಲ್’ನಲ್ಲಿ ಎರಡು ಪಿಯಾನೊ ಬೇರೆ ಬೇರೆ ಕೇಳಿಸಿತು! ‘ಶೇಕಿಂಗ್ ಥ್ರೂ’ ಮುಗಿದ ಮೇಲೆ ಹೆಸರಿಲ್ಲದ ಒಂದು ಚೂರು ವಾದ್ಯ ಬರುತ್ತದಲ್ಲ, ಅದನ್ನೂ ಇದೇ ಮೊದಲು ಗಮನಿಸಿದ್ದು. ಸಾಹಿತ್ಯ ಓಡುವಾಗ ಕಣ್ಣು ಅಲ್ಲೇ ಇರುತ್ತಿತ್ತು, ಹಾಗಾಗಿ ಕಿವಿ ರಜಾ ಹಾಕಿತ್ತು ಅನ್ನಿಸುತ್ತದೆ. ‘ಸಿಟ್ಟಿಂಗ್ ಸ್ಟಿಲ್’ನಲ್ಲಿ ಒಂದು ಕಡೆ ನನಗೆ ‘ಕಟ್ಟೆ ಮೇಲೆ’ ಅಂತ ಕೇಳಿಸುತ್ತದೆ. ಯಾರೂ ಸರಿ ಮಾಡಬೇಡಿ.

ಧಾರವಾಡ_ಮಳಿ

ಈಗ ನನಗೂ ಅದೇ ಕೇಳಿಸುತ್ತದಲ್ಲಪ್ಪಾ. ಏನು ಮಾಡಿಟ್ಟಿ!

ಹಳೇ_ಕ್ಯಾಸೆಟ್

ಹಬ್ಬಕ್ಕೆ ಸಾಗರಕ್ಕೆ ಬಂದಿದ್ದೇನೆ. ಅಟ್ಟದ ಮೇಲೆ ಅಕ್ಕಿ ಮುಡಿಯ ಪಕ್ಕ ಒಂದು ಬಿಸ್ಕತ್ತು ಡಬ್ಬಿ. ಅದರಲ್ಲಿ ಸಿಕ್ಕಿತು. ಚೀಟಿಯ ಮೇಲೆ ಅಪ್ಪನ ಅಕ್ಷರವನ್ನು ಅಡ್ಡಗೆರೆ ಎಳೆದು ಹೊಡೆದು, ಅದರ ಕೆಳಗೆ ನನ್ನ ಹದಿನಾರು ವರ್ಷದ ಅಕ್ಷರದಲ್ಲಿ ‘ಮರ್ಮರ್’. ಟೇಪಿನ ಅಂಚಿಗೆ ಬಿಳಿ ಬೂಸ್ಟು ಬಂದಿತ್ತು. ಒಣ ಬಟ್ಟೆಯಲ್ಲಿ ಒರೆಸಿ, ಪೆನ್ಸಿಲ್ ಹಾಕಿ ಎರಡು ಸುತ್ತು ಸುತ್ತಿದೆ. ಪಕ್ಕದ ಮನೆಯವರ ಹತ್ತಿರ ಇನ್ನೂ ಒಂದು ಟೇಪ್ ರೆಕಾರ್ಡರ್ ಇತ್ತು.

ಜಗಲಿಯಲ್ಲಿ ಹಾಕಿದೆ. ಸ್ವಲ್ಪ ಎಳೆಯುತ್ತಿತ್ತು, ಸ್ಟೈಪ್ ಇನ್ನೂ ದಪ್ಪ ದನಿಯಲ್ಲಿ ಗೊಣಗುತ್ತಿದ್ದ. ಅಪ್ಪ ಕವಳ ಹಾಕುತ್ತಾ ಕೂತಿದ್ದರು. ನಾಲ್ಕನೆಯ ಹಾಡಿನ ಹೊತ್ತಿಗೆ ‘ಇವ ಎಂತ ಹೇಳ್ತಾ ಇದ್ದಾನೆ?’ ಅಂದರು. ಗೊತ್ತಿಲ್ಲ ಅಂದೆ. ‘ಮೂವತ್ತು ವರ್ಷದಿಂದ ಕೇಳ್ತಿದ್ದೀಯ, ಗೊತ್ತಿಲ್ವ?’ ಅಂದರು.

ಆಮೇಲೆ ‘ಪರ್ಫೆಕ್ಟ್ ಸರ್ಕಲ್’ ಮುಗಿಯಿತು. ಟಕ್ ಅಂತು. ಅರ್ಧ ವಾಕ್ಯದಿಂದ ತಾಳಮದ್ದಳೆ ಶುರುವಾಯಿತು. ಅಪ್ಪ ಕವಳ ಅಗಿಯುವುದು ನಿಲ್ಲಿಸಿ ನನ್ನ ಮುಖ ನೋಡಿದರು. ನಾನು ಒಳಗೆ ಕಾಫಿ ಆಯಿತಾ ನೋಡಲು ಹೋದೆ.

ಮೊಂಡು_ಕಿವಿ

ಅಪ್ಪ ನಮ್ಮ ಪಾರ್ಟಿ. ವೋಟು ಎಣಿಸಿಕೊಳ್ಳಿ.

ಅಟ್ಲಾಂಟಾ_ಅಕ್ಕ

ಆಮೇಲೆ? ಬೈದರಾ?

ಹಳೇ_ಕ್ಯಾಸೆಟ್

ಇಲ್ಲ ಅಕ್ಕ. ಕಾಫಿ ತಂದಾಗ ಟೇಪನ್ನು ತಾವೇ ಹಿಂದಕ್ಕೆ ಸುತ್ತಿ ಮತ್ತೆ ಹಾಕಿಕೊಂಡಿದ್ದರು. ಸರಿಯಾಗಿ ನಿಲ್ಲಿಸಲು ಬರದೆ ಪಿಯಾನೊ ಜಾಗದಿಂದ ಶುರುವಾಗಿತ್ತು. ಬರೀ ಏಳೂವರೆ ನಿಮಿಷ ಉಳಿದಿದೆ, ‘ಕೃಷ್ಣಸಂಧಾನ’, ಕೌರವನ ಮಾತು. ಸಂಜೆಯೊಳಗೆ ನಾಲ್ಕು ಸಲ ಕೇಳಿದರು. ನಾಲ್ಕು ಸಲವೂ ಪಿಯಾನೊ ಸಮೇತ.

ಮಿಕ್ಸಿಂಗ್_ಮಾವ

ಗುರು, ಇನ್ನು ಅದನ್ನು ಆ ಮಷೀನಿಗೆ ಹಾಕಬೇಡ, ಬೂಸ್ಟು ಬಂದ ಟೇಪು ಹೆಡ್ಡಿಗೆ ಅಂಟಿ ಹರಿಯುತ್ತದೆ. ಬೆಂಗಳೂರಿಗೆ ಬರುವಾಗ ತೆಗೆದುಕೊಂಡು ಬಾ. ಎರಡೂ ಬದಿ ನಿಧಾನಕ್ಕೆ ಕಂಪ್ಯೂಟರಿಗೆ ಹಾಕಿಕೊಡುತ್ತೇನೆ. ಆ ‘ಟಕ್’ ಕೂಡ ತೆಗೆಯುವುದಿಲ್ಲ.